ಹದಿನಾಲ್ಕು ನಿಮಿಷ ಮುಂದಿದ್ದ ಗಡಿಯಾರ: ಮಾಟುಂಗಾದಲ್ಲಿ ಥ್ರಿಲ್ಲರ್ ಕಟ್ಟಿದ ನನ್ನ ಅನುಭವ

ಮುಂಬೈಯ ಕಾಲೇಜೊಂದರಲ್ಲಿ ಸಮೂಹ ಮಾಧ್ಯಮದ ಕೊನೆಯ ವರ್ಷದಲ್ಲಿದ್ದಾಗ ಪರೀಕ್ಷೆಯ ಪ್ರಾಜೆಕ್ಟ್‌ಗಾಗಿ ಒಂಬತ್ತು ನಿಮಿಷದ ಕನ್ನಡ ಥ್ರಿಲ್ಲರ್ ಒಂದನ್ನು ನಿರ್ದೇಶಿಸಿದೆ. ಚಿತ್ರೀಕರಣಕ್ಕೆ ಎರಡು ರಾತ್ರಿ ಸಾಕಾಯಿತು; ಅದರ ಹಿಂದಿನ ಸಿದ್ಧತೆಗೆ ನಾಲ್ಕು ತಿಂಗಳು ಹಿಡಿಯಿತು. ನಾನು ಕಲಿತದ್ದೆಲ್ಲ ಆ ನಾಲ್ಕು ತಿಂಗಳಲ್ಲಿಯೇ ಆದ್ದರಿಂದ ಅದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲ ಕರಡಿನಲ್ಲಿ ಒಂದು ಕೊಲೆಯಿತ್ತು, ಮುಖ ಮರೆಸಿಕೊಂಡ ಕೊಲೆಗಾರನಿದ್ದ, ಧಾರಾಕಾರ ಮಳೆಯಿತ್ತು. ಗೆಳೆಯರು ಮೆಚ್ಚಿದರಾದರೂ ನಾನು ಕಣ್ಣಾರೆ ಕಂಡದ್ದು ಅದರಲ್ಲಿ ಒಂದೂ ಇಲ್ಲವೆಂಬುದು ನನ್ನನ್ನು ಕಾಡುತ್ತಿತ್ತು. ನಮ್ಮ ದೊಡ್ಡಪ್ಪ ಮುಂಬೈಯ ಮಾಟುಂಗಾ ಬಡಾವಣೆಯ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಬಹಳ ವರ್ಷ ಕುಳಿತು ನಿವೃತ್ತರಾದವರು. ಅವರಿಗೆ ಕಥೆಯನ್ನು ಓದಿ ಹೇಳಿದೆ. ಕೊನೆಯವರೆಗೆ ತಾಳ್ಮೆಯಿಂದ ಕೇಳಿ, "ಮಗಾ, ಈ ಚಾಕುಗೀಕು ಎಲ್ಲ ನನಗೆ ಗೊತ್ತಿಲ್ಲ. ರಾತ್ರಿ ಲೆಕ್ಕ ತಾಳೆ ಆಗದಿದ್ದರೆ ಹೊಟ್ಟೆಯೊಳಗೆ ಒಂದು ಹೆದರಿಕೆ ಆಗುವುದುಂಟಲ್ಲ, ಅದು ನನಗೆ ಚೆನ್ನಾಗಿ ಗೊತ್ತುಂಟು" ಎಂದರು. ಆ ರಾತ್ರಿಯೇ ಹಳೆಯ ಕರಡನ್ನು ಬದಿಗಿಟ್ಟೆ.

ಮುಂದಿನ ಮೂರು ವಾರ ದೊಡ್ಡಪ್ಪನ ಪರಿಚಯದ ಹೋಟೆಲೊಂದರಲ್ಲಿ ರಾತ್ರಿ ಹತ್ತರಿಂದ ಬಾಗಿಲು ಹಾಕುವವರೆಗೆ ಮೂಲೆಯ ಮೇಜಿನಲ್ಲಿ ಕುಳಿತು, ನಡೆದದ್ದನ್ನೆಲ್ಲ ಗಂಟೆ ನಿಮಿಷ ಸಹಿತ ಪುಸ್ತಕದಲ್ಲಿ ಬರೆದುಕೊಂಡೆ. ಮರುದಿನದ ಇಡ್ಲಿ ಹಿಟ್ಟು ರುಬ್ಬಿ ಮುಗಿದು ಗ್ರೈಂಡರ್ ನಿಲ್ಲುವುದು, ಕುರ್ಚಿಗಳು ಮೇಜಿನ ಮೇಲೇರುವುದು, ನೆಲ ತೊಳೆಯುವುದು, ಮುಂದಿನ ಶಟರ್ ಅರ್ಧ ಇಳಿಯುವುದು, ಗಲ್ಲಾದ ಎಣಿಕೆ, ಭಟ್ಟರು ಅಡುಗೆಮನೆಯ ದೀಪ ಆರಿಸುವುದು. ಗ್ರೈಂಡರ್ ನಿಂತ ಕ್ಷಣ ಹೋಟೆಲಿನೊಳಗೆ ಕವಿಯುವ ಮೌನವನ್ನು ಕೇಳಿದಾಗ ನಮ್ಮ ಚಿತ್ರಕ್ಕೆ ಹಿನ್ನೆಲೆ ಸಂಗೀತ ಬೇಡವೆಂದು ನಿರ್ಧರಿಸಿದೆ. ಥ್ರಿಲ್ಲರ್ ಬರೆಯಲು ಹೊರಟವರು ಅಪರಾಧದ ಬಗೆಗೆ ಓದುವ ಮೊದಲು, ಅಪರಾಧ ನಡೆಯುವ ಜಾಗದ ದಿನಚರಿಯನ್ನು ಬಾಯಿಪಾಠ ಮಾಡಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ದಿನವೂ ತಪ್ಪದೆ ನಡೆಯುವುದು ಯಾವುದೆಂದು ತಿಳಿಯದೆ, ಯಾವುದು ತಪ್ಪಿದರೆ ನೋಡುವವರ ಎದೆ ಹೊಡೆದುಕೊಳ್ಳುತ್ತದೆ ಎನ್ನುವುದು ತಿಳಿಯುವುದಿಲ್ಲ.

ಕಥೆ ಹುಟ್ಟಿದ್ದು ಆ ಪುಸ್ತಕದಿಂದಲೇ. ಹೋಟೆಲಿನ ಹಿಂಬಾಗಿಲಿನ ಕ್ಯಾಮೆರಾದ ದೃಶ್ಯಗಳನ್ನು ದಾಖಲಿಸುವ ಡಿವಿಆರ್ ಪೆಟ್ಟಿಗೆಯ ಗಡಿಯಾರ ನನ್ನ ಮೊಬೈಲಿಗಿಂತ 14 ನಿಮಿಷ ಮುಂದಿರುವುದನ್ನು ಒಂದು ರಾತ್ರಿ ಗಮನಿಸಿದೆ. ಯಾರೂ ಅದನ್ನು ಸರಿಪಡಿಸಿರಲಿಲ್ಲ. ನಮ್ಮ ಕಥೆಯ ಮಾಣಿ 11:26ಕ್ಕೆ ಹಿಂಬಾಗಿಲಿನಿಂದ ಹೊರಡುತ್ತಾನೆ, ಕ್ಯಾಷಿಯರ್ 11:30ಕ್ಕೆ ಗಲ್ಲಾ ಎಣಿಸಿ ಬೀಗ ಹಾಕಿ ಮುಂಬಾಗಿಲಿನಿಂದ ಹೋದೆನೆನ್ನುತ್ತಾನೆ, ಹಣ ಕಾಣೆಯಾಗಿದೆ. ಡಿವಿಆರ್ ಮಾತ್ರ ಮಾಣಿ ಹೊರಬಿದ್ದದ್ದು 11:40ಕ್ಕೆ ಎಂದು ತೋರಿಸುತ್ತದೆ. ಹಾಗಾದರೆ ಕೊನೆಯ ಹತ್ತು ನಿಮಿಷ ಗಲ್ಲಾದ ಬಳಿ ಇದ್ದವನು ಅವನೊಬ್ಬನೇ.

ಈ ಕರಡನ್ನು ನಮ್ಮ ನೆರೆಯ ವಕೀಲರೊಬ್ಬರಿಗೆ ತೋರಿಸಿದ್ದು ಒಳ್ಳೆಯದಾಯಿತು. ಅದರಲ್ಲಿ ಪೊಲೀಸ್ ಅಧಿಕಾರಿ "ಸೆಕ್ಷನ್ 381" ಎಂದು ಗದರುವ ದೃಶ್ಯವಿತ್ತು. ಅದು ಹಳೆಯ ಭಾರತೀಯ ದಂಡ ಸಂಹಿತೆಯ ಸೆಕ್ಷನ್, 2024ರ ಜುಲೈ 1ರಿಂದ ಅದರ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ, ನೌಕರನು ಧಣಿಯ ಸ್ವತ್ತನ್ನು ಕದಿಯುವುದು ಈಗ 306ನೆಯ ಸೆಕ್ಷನ್ನಿಗೆ ಬರುತ್ತದೆ, ಏಳು ವರ್ಷದವರೆಗಿನ ಶಿಕ್ಷೆ ಮಾತ್ರ ಹಾಗೆಯೇ ಇದೆ ಎಂದು ಅವರು ತಿದ್ದಿದರು. ಅದಕ್ಕಿಂತ ದೊಡ್ಡ ಪೆಟ್ಟು ಅವರ ಮುಂದಿನ ಮಾತಿನಲ್ಲಿತ್ತು: ಅನುಭವಸ್ಥ ತನಿಖಾಧಿಕಾರಿ ಡಿವಿಆರ್ ವಶಪಡಿಸಿಕೊಳ್ಳುವಾಗ ಮೊದಲು ಅದರ ಸಮಯವನ್ನು ನಿಜವಾದ ಸಮಯದೊಡನೆ ಹೋಲಿಸಿ ಪಂಚನಾಮೆಯಲ್ಲಿ ಬರೆಸುತ್ತಾನೆ. ಪೊಲೀಸರು ಬಂದ ಎರಡನೆಯ ನಿಮಿಷಕ್ಕೆ ನಮ್ಮ ಕಥೆ ಮುಗಿದುಹೋಗುತ್ತಿತ್ತು. ಒಂದು ವಾರ ಕುಸಿದು ಕುಳಿತೆವು. ಕೊನೆಗೆ ಪೊಲೀಸರನ್ನೇ ತೆಗೆದೆವು. ಬೆಳಗಿನ ಜಾವ ನಾಲ್ಕಕ್ಕೆ ಹಾಲಿನ ಕ್ಯಾನು ಬರುವುದರೊಳಗೆ ಹಣ ಮೇಜಿನ ಮೇಲಿರಬೇಕು, ಇಲ್ಲವಾದರೆ ದೂರು ಕೊಡುತ್ತೇನೆ ಎಂದು ಹೋಟೆಲಿನ ಶೆಟ್ಟರು ಗಡುವು ಕೊಡುತ್ತಾರೆ. ಕಥೆ ಒಂದೇ ರಾತ್ರಿಗೆ, ನಾಲ್ಕು ಗೋಡೆಗಳ ನಡುವೆ ಬಿಗಿಯಾಯಿತು.

ಮಾಣಿಯ ಬಳಿ ಸಾಕ್ಷ್ಯವೇನಿರಬೇಕೆಂಬುದನ್ನು ಮಾಟುಂಗಾವೇ ಒದಗಿಸಿತು. ಇಲ್ಲಿ ನಡೆದು ಮುಟ್ಟುವಷ್ಟು ದೂರದಲ್ಲಿ ಮೂರು ನಿಲ್ದಾಣಗಳಿವೆ: ಸೆಂಟ್ರಲ್ ಮಾರ್ಗದಲ್ಲಿ ಮಾಟುಂಗಾ, ವೆಸ್ಟರ್ನ್ ಮಾರ್ಗದಲ್ಲಿ ಮಾಟುಂಗಾ ರೋಡ್, ಹಾರ್ಬರ್ ಮಾರ್ಗದಲ್ಲಿ ಕಿಂಗ್ಸ್ ಸರ್ಕಲ್. ಊರಿನಿಂದ ಹೊಸದಾಗಿ ಬಂದವರು ಈ ಹೆಸರುಗಳಲ್ಲಿ ದಾರಿ ತಪ್ಪುವುದನ್ನು ನಮ್ಮ ಮನೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಮಾಣಿಯ ತಮ್ಮ ಮಾಟುಂಗಾ ರೋಡಿನಲ್ಲಿ ಇಳಿದು ಕಾಯುತ್ತಾನೆ; ಮಾಣಿ ಸೆಂಟ್ರಲ್‌ನ ಮಾಟುಂಗಾಕ್ಕೆ ಹೋಗಿ ಪ್ಲಾಟ್‌ಫಾರ್ಮ್ ಟಿಕೇಟು ತೆಗೆದು ಹುಡುಕುತ್ತಾನೆ; ಆಮೇಲೆ ಫೋನು ತಾಗಿ, ಎರಡು ಮಾರ್ಗಗಳನ್ನು ಕೂಡಿಸುವ ಝಡ್ ಬ್ರಿಜ್ ದಾಟಿ ಓಡುತ್ತಾನೆ. ಪ್ಲಾಟ್‌ಫಾರ್ಮ್ ಟಿಕೇಟು ಎರಡು ಗಂಟೆ ಮಾತ್ರ ಸಲ್ಲುವುದರಿಂದ ಅದರ ಮೇಲೆ ಕೊಟ್ಟ ಸಮಯ ಅಚ್ಚಾಗಿರುತ್ತದೆ. ಹೋಟೆಲಿನಿಂದ ನಿಲ್ದಾಣಕ್ಕೆ ಐದು ರಾತ್ರಿ ನಡೆದು ಅಳೆದೆ: 12 ನಿಮಿಷ, ಸರದಿಯಲ್ಲಿ 3 ನಿಮಿಷ. ಹಾಗಾಗಿ ಟಿಕೇಟಿನ ಮೇಲೆ 23:41 ಎಂದಿರಬೇಕು. 11:40ಕ್ಕೆ ಹೋಟೆಲಿನ ಬಾಗಿಲಲ್ಲಿ ಕಂಡವನು ಒಂದೇ ನಿಮಿಷದಲ್ಲಿ ಅಲ್ಲಿರುವುದು ಅಸಾಧ್ಯ.

ಟಿಕೇಟಿನ ಸಂಗತಿಯನ್ನು ಕೊನೆಯಲ್ಲಿ ತೆರೆದು ಬೆರಗುಗೊಳಿಸುವುದು ನನ್ನ ಮೊದಲ ಯೋಚನೆಯಾಗಿತ್ತು. ಎಂಟು ಮಂದಿಗೆ ಓದಿ ತೋರಿಸಿದಾಗ ಅವರು ಬೆರಗಾದರು, ಆದರೆ ಅಲ್ಲಿಯವರೆಗೆ ಯಾರಿಗೂ ಆತಂಕವಾಗಿರಲಿಲ್ಲ. ಎರಡನೆಯ ಸಲ, ಮುಂದಿರುವ ಗಡಿಯಾರವನ್ನು ಎರಡನೆಯ ಶಾಟ್‌ಗೇ ತಂದು, ಟಿಕೇಟು ಜೇಬಿನಲ್ಲಿರುವ ಅಂಗಿಯನ್ನು ಮಾಣಿ ಏನೂ ನೆನಪಿಲ್ಲದೆ ಸಾಬೂನು ನೀರಿನ ಬಕೆಟ್ಟಿಗೆ ಹಾಕುವುದನ್ನು ತೋರಿಸಿದೆ. ಓದುತ್ತಿದ್ದಂತೆ ಒಬ್ಬಳು, "ಅಯ್ಯೋ, ಜೇಬು ನೋಡೋ!" ಎಂದು ಕೂಗಿದಳು. ನೋಡುವವರಿಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದ ಆ ಅಂತರದಲ್ಲಿಯೇ ಥ್ರಿಲ್ಲರ್ ನಿಲ್ಲುತ್ತದೆ. ಆಮೇಲೆ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಪ್ರತಿ ದೃಶ್ಯದ ಎದುರು ಮಾಣಿಗೆ ಏನು ಗೊತ್ತು, ಕ್ಯಾಷಿಯರಿಗೆ ಏನು ಗೊತ್ತು, ಪ್ರೇಕ್ಷಕರಿಗೆ ಏನು ಗೊತ್ತು ಎಂದು ಮೂರು ಸಾಲು ಬರೆದೆ. ಮೂರೂ ಒಂದೇ ಆಗಿದ್ದ ದೃಶ್ಯಗಳನ್ನೆಲ್ಲ ಕಿತ್ತುಹಾಕಿದೆ.

ತಾಂತ್ರಿಕ ಸಿದ್ಧತೆ ಹೆಚ್ಚೇನೂ ಇರಲಿಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಹೋಟೆಲಿನ ಟ್ಯೂಬ್‌ಲೈಟುಗಳು ತೆರೆಯ ಮೇಲೆ ಮಿಣುಕದಂತೆ ಸೆಕೆಂಡಿಗೆ 25 ಫ್ರೇಮು, ಕ್ಯಾಮೆರಾದ ಶಟರ್ ವೇಗ ಸೆಕೆಂಡಿನ 1/50 ಎಂದು ಗೊತ್ತುಮಾಡಿಕೊಂಡೆವು. ರೈಲ್ವೆಯ ಜಾಗದಲ್ಲಿ ಅನುಮತಿಯಿಲ್ಲದೆ ಚಿತ್ರೀಕರಿಸುವಂತಿಲ್ಲವಾದ್ದರಿಂದ ನಿಲ್ದಾಣವನ್ನು ಮಾಣಿಯ ಮಾತಿನಲ್ಲಿ ಮತ್ತು ಆ ಟಿಕೇಟಿನಲ್ಲಿ ಮಾತ್ರ ಇಟ್ಟೆವು. ಕ್ಯಾಷಿಯರ್ ಪಾತ್ರಕ್ಕೆ ಮುಂಬೈಯ ಕನ್ನಡ ರಂಗಭೂಮಿಯಲ್ಲಿ ಪಳಗಿದ ಹಿರಿಯರೊಬ್ಬರು ಒಪ್ಪಿದರು. ಕೊನೆಯ ಸಾಲಿಗೂ ಕೇಳುವಂತೆ ಮಾತಾಡುವ ಅಭ್ಯಾಸದ ಅವರು ನಮ್ಮ ಪುಟ್ಟ ಮೈಕಿಗಾಗಿ ಹತ್ತು ದಿನ ಪಿಸುಮಾತನ್ನು ಅಭ್ಯಾಸ ಮಾಡಿದ್ದನ್ನು ನಾನು ಮರೆಯಲಾರೆ.

ಕೊನೆಗೆ ಉಳಿದದ್ದು ಟಿಕೇಟು. ಕಂಪ್ಯೂಟರಿನಲ್ಲಿ ಅಂಥದ್ದೊಂದನ್ನು ಮಾಡಿ ಅಚ್ಚುಹಾಕುವುದು ನನಗೆ ಸರಿಯೆನಿಸಲಿಲ್ಲ. ನಿಲ್ದಾಣಕ್ಕೆ ಹೋಗಿ ನಿಜವಾದ ಟಿಕೇಟನ್ನೇ ಕೊಳ್ಳಹೊರಟಾಗ ಮೊದಲ ರಾತ್ರಿ ಸಿಕ್ಕಿದ್ದು 23:38, ಎರಡನೆಯ ರಾತ್ರಿ 23:44. ಆ ಎರಡನ್ನೂ ಸಾಬೂನು ನೀರಿನಲ್ಲಿ ನೆನೆಸಿ, ಅಕ್ಷರ ಎಷ್ಟು ಹೊತ್ತು ಉಳಿಯುತ್ತದೆಂದು ನೋಡಿಕೊಂಡೆವು. ಮೂರನೆಯ ರಾತ್ರಿ ಕಿಟಕಿಯಿಂದ ಕೈಗೆ ಬಂದ ಟಿಕೇಟಿನ ಮೇಲೆ 23:41 ಇತ್ತು. ಅದರ ತಾರೀಖನ್ನೇ ಕಥೆಯ ತಾರೀಖಾಗಿ ಮಾಡಿಕೊಂಡು, ಚಿತ್ರೀಕರಣದ ದಿನ ಹೋಟೆಲಿನ ಗೋಡೆಯ ಕ್ಯಾಲೆಂಡರನ್ನು ಆ ದಿನಕ್ಕೆ ತಿರುಗಿಸಿದೆವು.