‘ರನ್’ ಎಂದರೆ ಓಡುವುದಷ್ಟೇ ಅಲ್ಲ

ಮಕ್ಕಳಿಗೆ ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿರುವ ನಮ್ಮ ಬಡಾವಣೆಯ ಪೋಷಕರಲ್ಲಿ ಒಂದು ವಿನಂತಿ: ಪದಗಳನ್ನು ಒಂಟಿಯಾಗಿ ಬಾಯಿಪಾಠ ಮಾಡಿಸಬೇಡಿ. ಮೊನ್ನೆ ಜಯನಗರದ ನಮ್ಮ ಮನೆಯಲ್ಲಿ ಮಗಳು ‘ಮೈ ನೋಸ್ ಈಸ್ ರನ್ನಿಂಗ್’ ಎಂಬ ವಾಕ್ಯವನ್ನು ‘ನನ್ನ ಮೂಗು ಓಡುತ್ತಿದೆ’ ಎಂದು ಬರೆದಿದ್ದಳು. ಆ ವಾಕ್ಯದ ಅರ್ಥ ‘ನನಗೆ ಮೂಗು ಸೋರುತ್ತಿದೆ’ ಎಂದು; ಆದರೆ ‘ರನ್’ ಪದಕ್ಕೆ ಅವಳಿಗೆ ತಿಳಿದಿದ್ದ ಅರ್ಥ ಓಡುವುದೊಂದೇ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಈ ಒಂದು ಕ್ರಿಯಾಪದಕ್ಕೆ 600ಕ್ಕೂ ಹೆಚ್ಚು ಅರ್ಥಗಳನ್ನು ಗುರುತಿಸಿದೆ. ನಲ್ಲಿಯ ನೀರು ‘ರನ್’ ಆದರೆ ಹರಿಯುತ್ತದೆ, ಅಂಗಡಿಯನ್ನು ‘ರನ್’ ಮಾಡಿದರೆ ನಡೆಸುತ್ತೇವೆ, ಮನೆಯಲ್ಲಿ ಹಾಲು ‘ರನ್ ಔಟ್’ ಆದರೆ ಮುಗಿದಿದೆ ಎಂದರ್ಥ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ‘ರನ್ ಔಟ್’ ಆದ ಬ್ಯಾಟ್ಸ್‌ಮನ್ ಪೆವಿಲಿಯನ್‌ಗೆ ಮರಳುತ್ತಾನೆ. ಅಮೆರಿಕದವರು ಚುನಾವಣೆಗೆ ‘ರನ್’ ಮಾಡಿದರೆ ನಾವು ಚುನಾವಣೆಗೆ ನಿಲ್ಲುತ್ತೇವೆ ಎಂಬುದು ನನಗೆ ಬಹಳ ಹಿಡಿಸಿದ ವ್ಯತ್ಯಾಸ.

ಆದ್ದರಿಂದ ನೋಟ್‌ಪುಸ್ತಕದಲ್ಲಿ ಬರಿಯ ‘ರನ್’ ಎಂದು ಬರೆಸುವ ಬದಲು, ಜೊತೆಗೆ ಬರುವ ಪದಗಳನ್ನೂ ಸೇರಿಸಿ ಇಡೀ ಪದಗುಚ್ಛವನ್ನು ಬರೆಸಿ, ಅದರ ಎದುರಿಗೆ ನಾವು ಮನೆಯಲ್ಲಿ ಆಡುವ ಕನ್ನಡವನ್ನೇ ಬರೆಸಿರಿ. ಮಗುವಿಗೆ ಇದು ವಿಚಿತ್ರವೆನಿಸಿದರೆ ನಮ್ಮ ‘ಹಿಡಿ’ಯನ್ನು ತೋರಿಸಿ: ಬಸ್ಸು ಹಿಡಿಯುತ್ತೇವೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಸಂಜೆಯ ಹೊತ್ತು ಮೆಜೆಸ್ಟಿಕ್ ತಲುಪಲು ಒಂದು ಗಂಟೆ ಹಿಡಿಯುತ್ತದೆ.