ಕಬ್ಬಿಣದ ಉಲ್ಕೆಯ ಮೈಗೆರೆ ಹಿಡಿಯಲು ಬಾಯ್ಲರಿನ ರೆಪ್ಲಿಕಾ ಹಾಳೆ: ನನ್ನ ಅನುಭವ

ಅಸಿಟೋನಿನಲ್ಲಿ ಮೆತ್ತಗಾಗಿಸಿ ಲೋಹದ ಮೈಗೆ ಅಂಟಿಸಿ, ಆರಿದ ಮೇಲೆ ಎಳೆದು ಮೈಯ ಅಚ್ಚು ತೆಗೆಯುವ ಅಸಿಟೇಟ್ ಪ್ಲಾಸ್ಟಿಕ್ ಹಾಳೆಯೇ ರೆಪ್ಲಿಕಾ ಹಾಳೆ. ಅದು ಉಲ್ಕೆಗೆ ಆಗಲ್ಲ ಅಂದವರು ಒಬ್ಬಿಬ್ಬರಲ್ಲ. ಫ್ಯೂಷನ್ ಕ್ರಸ್ಟ್ (ಬೀಳುವಾಗ ಮೈ ಕರಗಿ ಆದ ತೆಳು ಕಪ್ಪು ಪೊರೆ) ಕಿತ್ತು ಬರುತ್ತೆ ಅಂದರು, ಅಸಿಟೋನ್ ಕಲೆ ಬೀಳುತ್ತೆ ಅಂದರು. ಈಗ ರಷ್ಯಾದಲ್ಲಿ ಬಿದ್ದ ಸಿಖೋಟೆ-ಅಲಿನ್ ಕಬ್ಬಿಣದ ಉಲ್ಕೆಯ ನನ್ನ ತುಂಡಿನ ಫ್ಲೋ ಲೈನುಗಳು (ಕರಗಿದ ಲೋಹ ಹರಿದ ಗೆರೆಗಳು) ಗಾಜಿನ ಸ್ಲೈಡಿನ ಮೇಲೆ ಕೂತಿವೆ. ತುಂಡಿನ ಕ್ರಸ್ಟು ಎಲ್ಲಿತ್ತೋ ಅಲ್ಲೇ ಇದೆ.

ತೋರಣಗಲ್ಲಿನ ಕಡೆ ಬಾಯ್ಲರ್ ಪೈಪುಗಳಿಗೆ ರೆಪ್ಲಿಕಾ ತೆಗೆಯೋದು ನನ್ನ ಕೆಲಸ. ಹಾಗಾಗಿ ಹಾಳೆ ಹೊಸದಲ್ಲ, ಉಲ್ಕೆ ಹೊಸದು. ತುಂಡು ಸುಮಾರು 90 ಗ್ರಾಂ. ಕಸ್ಟಮ್ಸು, ಕೊರಿಯರ್ ಎಲ್ಲಾ ಸೇರಿ 25 ಸಾವಿರದ ಹತ್ತಿರ ಬಿತ್ತು. ಚೂರಾಗಿ ಸಿಡಿದ ತುಂಡು ಇದರ ಅರ್ಧ ಬೆಲೆಗೆ ಸಿಗುತ್ತಿತ್ತು, ಆದರೆ ಅದರಲ್ಲಿ ಕರಗಿ ಹರಿದ ಗೆರೆ ಇರಲ್ಲ, ಸೀಳಿ ತಿರುಚಿದ ಅಂಚಷ್ಟೇ. ನನಗೆ ಬೇಕಿದ್ದದ್ದು ಗಾಳಿಯಲ್ಲಿ ಕರಗುತ್ತಾ ಬಂದ ಮೈ, ಹೆಬ್ಬೆರಳು ಒತ್ತಿದಂಥ ಗುಳಿಗಳು, ಅಂದರೆ ರೆಗ್ಮಾಗ್ಲಿಪ್ಟುಗಳಿರುವ ಮೈ. 1947ರ ಫೆಬ್ರುವರಿ 12ರಂದು ಬಿದ್ದ ಉಲ್ಕೆ ಅದು, ಉಲ್ಕೆಗಳ ಲೆಕ್ಕದಲ್ಲಿ ಇತ್ತೀಚಿನದು, ಹಾಗಾಗಿ ಕ್ರಸ್ಟ್ ಇನ್ನೂ ಉಳಿದಿದೆ.

ಮೊದಲು ಫೋಟೋ ತೆಗೆದು ನೋಡಿದೆ. ಎರಡೂವರೆ ಸಾವಿರದ ಯುಎಸ್‌ಬಿ ಮೈಕ್ರೋಸ್ಕೋಪು, ಪಕ್ಕದಿಂದ ಬೆಳಕು. ಕಪ್ಪು ಮೈ, ಅಲ್ಲಲ್ಲಿ ಮಿಂಚು, ಗೆರೆ ಮಾತ್ರ ಕಾಣಲಿಲ್ಲ. ಫಾಸಿಲ್ ನೋಡುವ ಗೆಳೆಯರೊಬ್ಬರು ಅಮೋನಿಯಂ ಕ್ಲೋರೈಡಿನ ಹೊಗೆ ಹಿಡಿ ಅಂದರು. ಕಬ್ಬಿಣದ ಮೇಲೆ ಕ್ಲೋರೈಡಾ? ತುಕ್ಕು ಹಿಡಿಯುತ್ತೆ, ಬಿಲ್ಕುಲ್ ಬೇಡ. ಅದರ ಬದಲು ಮೆಗ್ನೀಷಿಯಂ ಪಟ್ಟಿ ಸುಟ್ಟು ಬಿಳಿ ಹೊಗೆ ಹಿಡಿದೆ. ರೆಗ್ಮಾಗ್ಲಿಪ್ಟ್ ಚೆನ್ನಾಗಿ ಎದ್ದು ಕಂಡವು, ಆದರೆ ಸಣ್ಣ ಗೆರೆಗಳೆಲ್ಲಾ ಆ ಪುಡಿಯಲ್ಲೇ ಮುಚ್ಚಿಹೋದವು. ಆಮೇಲೆ ಹಲ್ಲಿನ ಡಾಕ್ಟರು ಅಚ್ಚು ತೆಗೆಯುವ ಸಿಲಿಕೋನ್ ತಂದೆ, ಎರಡು ಟ್ಯೂಬಿಗೆ 2 ಸಾವಿರದ ಮೇಲಾಯಿತು. ಗುಳಿಯ ಆಳ ನಿಖರವಾಗಿ ಬಂತು, ಪ್ಲಾಸ್ಟರಿನಲ್ಲಿ ಎರಕ ಹೊಯ್ದು ಶಾಲಾ ಮಕ್ಕಳಿಗೆ ಕೊಟ್ಟೆ, ಅವರಿಗಂತೂ ಖುಷಿ. ಆದರೆ ಆ ಸಿಲಿಕೋನಿನೊಳಗೆ ಬೆಳಕು ಹಾಯಲ್ಲ, ಮೈಕ್ರೋಸ್ಕೋಪಿನ ಕೆಳಗೆ ಅದರಿಂದ ಹೆಚ್ಚೇನೂ ಸಿಗಲಿಲ್ಲ.

ಕೊನೆಗೆ ಅಸಿಟೇಟ್ ಹಾಳೆಗೇ ಬಂದೆ. ಪೈಪಿನ ಮೇಲೆ ಹಾಕಿದ ಹಾಗೆ ದೊಡ್ಡ ತುಂಡು ಹಾಕಿದರೆ ಗುಳಿಯೊಳಗೆ ಬಾಗಲ್ಲ, ಅಂಚಲ್ಲಿ ಎದ್ದು ನಿಲ್ಲುತ್ತೆ. ಒಂದು ಸೆಂಟಿಮೀಟರಿಗಿಂತ ಸಣ್ಣ ಪಟ್ಟಿ ಮಾಡಿ, ಒಂದೊಂದು ಗುಳಿಗೆ ಒಂದೊಂದು ಹಾಕಬೇಕು. ಮಾರಿದವರು ಹಚ್ಚಿದ ಎಣ್ಣೆಯನ್ನು ಮೊದಲೇ ಪೂರ್ತಿ ತೆಗೆದಿರಬೇಕು. ಮೊದಲ ಪಟ್ಟಿ ಕೊಳೆ ಎತ್ತೋದಕ್ಕೆ, ಅದನ್ನು ಬಿಸಾಕಿ. ಎರಡನೆಯದೇ ಅಸಲಿ.

ನಮ್ಮ ಬಳ್ಳಾರಿಯ ತೊಂದರೆ ಬೇರೆ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟಿದಾಗ ಹಾಳೆ ಮೆತ್ತಗಾಗುವ ಮೊದಲೇ ಅಸಿಟೋನ್ ಆರಿ ಹೋಗುತ್ತೆ, ಒಳಗೆ ಗುಳ್ಳೆ. ಅದರ ಮೇಲೆ ಅದಿರಿನ ಕೆಂಪು ಧೂಳು. ಕಿಟಕಿ ಮುಚ್ಚಿದರೂ ಬರುತ್ತೆ, ಸ್ಲೈಡಿನ ತುಂಬಾ ಕೆಂಪು ಚುಕ್ಕೆ. ಹೀಗೆ ಸುಮಾರು ಒಂದು ಪ್ಯಾಕೆಟ್ ಹಾಳೆ, ಅಂದರೆ ಮೂರು-ನಾಲ್ಕು ಸಾವಿರ ರೂಪಾಯಿ, ಕಸದ ಬುಟ್ಟಿಗೆ ಹೋಯಿತು. ತುಂಡನ್ನು ಫ್ರಿಜ್ಜಿನಲ್ಲಿಟ್ಟು ತಂಪು ಮಾಡಿ ಅಂತ ಸಲಹೆ ಬಂತು. ಹೊರಗೆ ತೆಗೆದ ಕೂಡಲೇ ಮೈ ಬೆವರಿ ತುಕ್ಕು ಹಿಡಿಯುತ್ತೆ, ಒಪ್ಪಲಿಲ್ಲ. ಡಿಸೆಂಬರಿನ ಬೆಳಗಿನ ಜಾವ, ಅದಿರಿನ ಲಾರಿಗಳು ಶುರುವಾಗುವ ಮೊದಲು, ನೆಲ ಒರೆಸಿದ ಕೋಣೆಯಲ್ಲಿ ಮಾಡಿದೆ, ಸರಿ ಬಂತು. ಅಸಿಟೋನ್ ನಿಧಾನಕ್ಕೆ ಆರಲಿ ಅಂತ ಅದಕ್ಕೊಂದು ದ್ರವ ಎರಡು ಹನಿ ಬೆರೆಸುತ್ತೇನೆ. ಅದರ ಹೆಸರು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಪಟ್ಟಿ ಎಳೆಯುವ ಕೋನವೂ ಅಷ್ಟೇ, ಕೈಗೆ ತಾನಾಗಿ ಬರುತ್ತೆ.

ಈಗ ಮುಖ್ಯ ವಿಷಯ. ಸಿಖೋಟೆ-ಅಲಿನ್ ತುಂಡುಗಳನ್ನು ಮಾರುವ ಮೊದಲು ಎಷ್ಟೋ ಸಲ ತಂತಿ ಬ್ರಷ್ಷಿನಿಂದ ಉಜ್ಜಿರುತ್ತಾರೆ. ಆ ಗೀರುಗಳನ್ನೇ ಫ್ಲೋ ಲೈನ್ ಅಂತ ತೋರಿಸುವವರಿದ್ದಾರೆ. ರೆಪ್ಲಿಕಾದಲ್ಲಿ ಎರಡೂ ಬೇರೆ ಬೇರೆ ಕಾಣುತ್ತವೆ. ಬ್ರಷ್ಷಿನ ಗೀರು ಒಳಗೆ ಕೊರೆದದ್ದು, ಗುಳಿಯ ದಿಣ್ಣೆ ಬಂದರೂ ಲೆಕ್ಕಿಸದೆ ನೇರ ಹೋಗುತ್ತೆ. ಫ್ಲೋ ಲೈನ್ ಉಬ್ಬು ಗೆರೆ, ಕರಗಿದ ಲೋಹ ಗಾಳಿಗೆ ಓಡಿ ಹೆಪ್ಪುಗಟ್ಟಿದ್ದು, ದಿಣ್ಣೆ ಸಿಕ್ಕಿದಲ್ಲಿ ಬಾಗುತ್ತೆ. ಹಾಳೆಯಲ್ಲಿ ಉಬ್ಬು ತಗ್ಗಾಗಿ ಬರುತ್ತೆ, ಅದು ನೆನಪಿರಲಿ. ನನ್ನ ತುಂಡಿನಲ್ಲಿ ಒಂದು ಮೂಲೆಯಿಂದ ಗೆರೆಗಳು ಹೊರಗೆ ಹರಡಿವೆ, ಹಿಂದಿನ ಅಂಚಿನಲ್ಲಿ ಸಣ್ಣ ತುಟಿಯಂತೆ ಮಡಚಿ ನಿಂತಿವೆ. ಅಂದರೆ ಕೊನೆಯ ಹೊತ್ತಿಗಾದರೂ ಇದು ಉರುಳದೆ ಒಂದೇ ಮುಖ ಮುಂದಿಟ್ಟು ಇಳಿದಿದೆ. 'ಇದು ಉರುಳಿದ್ದೇ' ಅಂತ ವಾದಿಸಿದ ಗೆಳೆಯರು ಸ್ಲೈಡ್ ನೋಡಿ ಒಪ್ಪಿದರು. ಇಷ್ಟು ಸ್ಪಷ್ಟವಾಗಿ ತೆಗೆದವರನ್ನು ನಮ್ಮ ಕಡೆ ನಾನಂತೂ ನೋಡಿಲ್ಲ.

ಹೋಲಿಸಲು ಸುಮ್ನೆ ಗ್ಯಾಸ್ ಕಟಿಂಗ್ ಮಾಡಿದ ಪ್ಲೇಟಿನ ಅಂಚಿಗೂ ಹಾಳೆ ಹಾಕಿದೆ. ಅಲ್ಲಿ ಗೆರೆಗಳು ಒಂದೇ ಅಂತರದಲ್ಲಿ ಸಾಲಾಗಿವೆ, ಉಲ್ಕೆಯಲ್ಲಿ ಹಾಗಿಲ್ಲ. ಸಂಡೂರಿನ ಕಡೆಯವರು ಉಲ್ಕೆ ಅಂತ ತಂದ ಕಲ್ಲುಗಳಲ್ಲಿ ಕೆಲವು ಹಳೇ ಕುಲುಮೆಯ ಕಿಟ್ಟ, ತುಂಬಾ ತೂತು. ಉಳಿದವು ಹೆಮಟೈಟ್, ಬಿಳಿ ಟೈಲಿನ ಹಿಂಬದಿಗೆ ಉಜ್ಜಿದರೆ ಕೆಂಪು ಗೀರು ಬೀಳುತ್ತೆ, ಹಾಳೆವರೆಗೆ ಹೋಗೋದೇ ಬೇಕಿಲ್ಲ.

ಕಾಂಪೊ ಡೆಲ್ ಸಿಯೆಲೊ ಉಲ್ಕೆಯ ತುಂಡು ಇರುವವರು ಮಾತ್ರ ಇದನ್ನು ಮಾಡಬೇಡಿ. ಅರ್ಜೆಂಟೀನಾದ ಆ ಕಬ್ಬಿಣ ನಾಲ್ಕೈದು ಸಾವಿರ ವರ್ಷ ಮಣ್ಣಲ್ಲಿ ಕೂತಿತ್ತು. ನಾನು ಹಾಕಿ ನೋಡಿದಾಗ ಹಾಳೆಗೆ ಅಂಟಿ ಬಂದದ್ದು ತುಕ್ಕಿನ ಪೊರೆ. ಸಿಖೋಟೆ-ಅಲಿನ್ ಆದರೆ ಹಾಳೆ ಎಳೆದ ಮೇಲೆ ತುಂಡನ್ನು ಸ್ವಲ್ಪ ಬೆಚ್ಚಗೆ ಮಾಡಿ ಪೂರ್ತಿ ಒಣಗಿಸಿ, ಮಷಿನ್ ಎಣ್ಣೆ ತೆಳ್ಳಗೆ ಸವರಿ, ಸಿಲಿಕಾ ಜೆಲ್ ಇರುವ ಡಬ್ಬಿಗೆ ಹಾಕಿಡಿ. ಜೆಲ್ ತೇವ ಹೀರಿ ಬಣ್ಣ ಬದಲಿಸಿದೆಯಾ ಅಂತ ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡ್ತಾ ಇರಿ.