ಓಡಿಬಂದವಳು ಯಾರು?

ನನ್ನ ಬಳಿ ಸಂಜೆ ಕನ್ನಡ ಪಾಠಕ್ಕೆ ಬರುವ ಮಕ್ಕಳಿಗೆ ಮೊದಮೊದಲು ಹೋಂವರ್ಕಿನ ಉತ್ತರಗಳನ್ನು ನಾನೇ ಹೇಳಿಬಿಡುತ್ತಿದ್ದೆ. ಕೆಲಸ ಬೇಗ ಮುಗಿಯುತ್ತಿತ್ತು, ಪಾಲಕರಿಗೂ ಸಮಾಧಾನ. ಪರೀಕ್ಷೆಯಲ್ಲಿ ಹೊಸ ಗದ್ಯಭಾಗ ಬಂದಾಗ ಮಾತ್ರ ಅದೇ ಮಕ್ಕಳು ಪೆನ್ನು ಕಚ್ಚುತ್ತ ಕೂರುತ್ತಿದ್ದರು.

ಒಮ್ಮೆ ನಾನೇ ಎರಡು ಸಾಲು ಬರೆದುಕೊಟ್ಟೆ: ‘ಅಜ್ಜ ಮೊಮ್ಮಗಳನ್ನು ಕರೆದ. ಕೈಯಲ್ಲಿದ್ದ ಕೊಡವನ್ನು ಅಲ್ಲೇ ಬಿಟ್ಟು ಓಡಿಬಂದಳು.’ ಓಡಿಬಂದದ್ದು ಯಾರು ಎಂದರೆ ಏಳನೆಯ ತರಗತಿಯ ಹುಡುಗ ‘ಅಜ್ಜ’ ಎಂದು ಬರೆದ. ಅವನು ದಡ್ಡನಲ್ಲ, ಮೊದಲು ಬಂದ ಹೆಸರೇ ಕರ್ತೃ, ಅಂದರೆ ಕೆಲಸ ಮಾಡಿದವರು, ಎಂದು ನಂಬಿದ್ದ, ಅಷ್ಟೆ. ಕನ್ನಡದಲ್ಲಿ ಕರ್ತೃಪದವನ್ನು ಹೇಳದೆ ಬಿಡುವುದು ಸಾಮಾನ್ಯ. ಆಗ ಸುಳಿವು ಇರುವುದು ಕ್ರಿಯಾಪದದ ಕೊನೆಯಲ್ಲಿ. ‘ಬಂದಳು’ ಎಂಬುದರ ‘ಅಳು’ವಿನ ಕೆಳಗೆ ಗೆರೆ ಎಳೆಸಿದೆ. ಹುಡುಗ ನಕ್ಕು ಉತ್ತರ ತಿದ್ದಿದ. ‘ಅಳು’ವಿನಂತೆ ಕ್ರಿಯಾಪದದ ಕೊನೆಗೆ ಸೇರುವ ಆಖ್ಯಾತ ಪ್ರತ್ಯಯವನ್ನು ಕೋಷ್ಟಕದಲ್ಲಿ ಬಾಯಿಪಾಠ ಮಾಡಿದ್ದವನಿಗೆ ಅದರಿಂದ ಏನು ಉಪಯೋಗ ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಅಂದಿನಿಂದ ವ್ಯಾಕರಣಕ್ಕೂ ಗದ್ಯಭಾಗಕ್ಕೂ ಬೇರೆ ಬೇರೆ ದಿನ ಇಡುವುದನ್ನು ಬಿಟ್ಟೆ.

‘ಏಕೆ’ ಎಂಬ ಪ್ರಶ್ನೆಗಳದು ಇನ್ನೊಂದು ತಾಪತ್ರಯ. ಪ್ರಶ್ನೆಯಲ್ಲಿರುವ ಪದ ಸಿಕ್ಕ ಸಾಲನ್ನೇ ಮಕ್ಕಳು ಇಡಿಯಾಗಿ ಎತ್ತಿ ಬರೆಯುತ್ತಾರೆ. ಕೇಳಿದ ಕಾರಣ ಎಷ್ಟೋ ಸಲ ಅದರ ಹಿಂದಿನ ಸಾಲಿನಲ್ಲಿರುತ್ತದೆ. ಅದಕ್ಕೇ ಓದಿದ ಮೇಲೆ ಪುಸ್ತಕ ಮುಚ್ಚಿಸುತ್ತೇನೆ. ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ಬರೆಯಬೇಕು. ನಕಲು ಮಾಡಲು ಕಣ್ಣಿಗೆ ಸಾಲೇ ಇಲ್ಲದಿದ್ದರೆ ಸ್ವಂತ ವಾಕ್ಯ ತಾನಾಗಿ ಹೊರಡುತ್ತದೆ, ತೊದಲಿದರೂ ಸರಿ.

ಸಂಧಿಯ ವಿಷಯದಲ್ಲಿ ನನಗೆ ಹೆಚ್ಚು ದಿನ ಹಿಡಿಯಿತು. ‘ಮನೆಯಲ್ಲಿ’, ‘ಅತ್ಯಂತ’ ಎರಡರಲ್ಲೂ ಯಕಾರ ಕಂಡು ಮಕ್ಕಳು ಎರಡಕ್ಕೂ ಆಗಮ ಸಂಧಿ ಎನ್ನುತ್ತಾರೆ. ಹೆಸರು ಕೇಳುವುದನ್ನೇ ನಿಲ್ಲಿಸಿ, ಬಿಡಿಸಿ ಬರೆಯಿಸಿದೆ. ಮನೆ + ಅಲ್ಲಿ: ‘ಎ’ ಹಾಗೆಯೇ ಉಳಿದು ನಡುವೆ ‘ಯ್’ ಬಂದು ಸೇರಿತು. ಅತಿ + ಅಂತ: ‘ಇ’ ಹೋಗಿ ಅದರ ಜಾಗದಲ್ಲಿ ‘ಯ್’ ಕುಳಿತಿತು. ಮೊದಲನೆಯದು ಆಗಮ, ಎರಡನೆಯದು ಯಣ್. ‘ಹಳಬ ಮನೆಯಲ್ಲೇ ಇದ್ದಾನೋ, ಖಾಲಿ ಮಾಡಿದನೋ?’ ಎಂದು ಕೇಳಿದರೆ ಈಗ ಅವರೇ ಹೇಳುತ್ತಾರೆ. ‘ಮನ್ವಂತರ’ (ಮನು + ಅಂತರ) ಕೊಟ್ಟಾಗ ಒಬ್ಬಳು, “ಉಕಾರ ಖಾಲಿ ಮಾಡಿದ, ವಕಾರ ಬಾಡಿಗೆಗೆ ಬಂದ” ಎಂದಳು. ನೋಟುಬುಕ್ಕಿನಲ್ಲಿ ಹಾಗೆ ಬರೆಯಬೇಡ ಎಂದು ಹೇಳಬೇಕಾಯಿತು.